ಬೆಚ್ಚಗಿದ್ದಾಗ ಅಳೆದದ್ದು

ಅಕ್ಟೋಬರ್ 6, ಬೆಳಗ್ಗೆ ಆರು

ಕಾಫಿ ಇಲ್ಲ. ಬೆಳ್ಳುಳ್ಳಿ ಇಲ್ಲ. ಸೆಂಟ್ ಅಂತೂ ಇಲ್ಲವೇ ಇಲ್ಲ. ಇವತ್ತಿಗೆ ಮೂರು ದಿನ. ಮೂಗು ಚೊಕ್ಕವಾಗಿರಬೇಕು. ಇವತ್ತು ಹಂಡೆ ನನ್ನದು!

ನಲವತ್ತು ವರ್ಷ ಅಪ್ಪನೊಬ್ಬನೇ ಊಜೊ, ನಮ್ಮ ಸೋಂಪಿನ ಸಾರಾಯಿ, ಇಳಿಸಿದ ಹಂಡೆ. ಈಗ ಅವನ ಮಂಡಿ ಹೋಗಿದೆ. ಮಾರಿಬಿಡ್ತೀನಿ ಅಂತಿದ್ದ. ಹಟ ಹಿಡಿದೆ. ಮೂರು ದಿನದ ಹಿಂದೆ ಒಪ್ಪಿದ. "ಒಂದೇ ಹಂಡೆ, ಮಿರ್ಸೀನಿ. ಸರಿ ಬಂದ್ರೆ ಭಟ್ಟಿಮನೆ ಬೀಗದ ಕೈ ನಿಂದು. ಇಲ್ಲಾಂದ್ರೆ ತಾಮ್ರ ಮಾರೋದೇ. ಆಮೇಲೆ ಅಳಬಾರ್ದು."

ಲಿಸ್ವೋರಿ ಊರಿನ ಸೋಂಪು ರಾತ್ರಿಯಿಂದ ಸ್ಪಿರಿಟ್‌ನಲ್ಲಿ ನೆನೆಯುತ್ತಿದೆ. ಜೊತೆಗೆ ಕೊತ್ತಂಬರಿ ಬೀಜ, ಏಲಕ್ಕಿ, ಮತ್ತೆ... ಊಹೂಂ, ಅದನ್ನು ಇಲ್ಲೂ ಬರೆಯಲಾರೆ.

ಮಧ್ಯಾಹ್ನ

ಹಬೆ ಸೋರದಂತೆ ಹಂಡೆಯ ಬಾಯಿಗೆ ಹಿಟ್ಟು ಮೆತ್ತಿದೆ. ಸಣ್ಣ ಉರಿ. ಮೊದಲು ಬಂದದ್ದು 'ತಲೆ', ಮೂಗು ಸುಡುವಷ್ಟು ಘಾಟು. ಬೇರೆ ಪಾತ್ರೆಗೆ ಬಿಟ್ಟೆ. ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಸಿಹಿ ವಾಸನೆ... ಕುಡಿಯಲು ಇಡುವ ನಡುವಿನ 'ಹೃದಯ'! ಕೂಗಿಬಿಟ್ಟೆ. ಸೋದರತ್ತೆ ಅಗ್ಲಾಯಾ ಅಡುಗೆಮನೆಯಿಂದಲೇ, "ಏನೇ, ಮಗು ಹುಟ್ತಾ?"

ವಾಸನೆ ಮಂಕಾದ ಕ್ಷಣವೇ ತಡೆದೆ. ಕೊನೆಗೆ ಬರುವ 'ಬಾಲ' ಒಂದು ಹನಿಯೂ ಬೆರೆತಿಲ್ಲ.

ಕಸು ಅಳೆಯುವ ಮೀಟರ್ ಅದರಲ್ಲಿ ಇಳಿಬಿಟ್ಟು ನೋಡಿದೆ. ಎಂಬತ್ತೇಳು ಡಿಗ್ರಿ! ಅಪ್ಪನ ಕೈಯಲ್ಲೂ ಎಂಬತ್ತೆರಡು ದಾಟಿದ್ದಿಲ್ಲ. ತಡೆಯಲಾಗಲಿಲ್ಲ. ಲೆಕ್ಕ ಹಾಕಿ, ನಲವತ್ತೆರಡಕ್ಕೆ ಇಳಿಯುವಷ್ಟು ನೀರು ಈಗಲೇ ತೊಟ್ಟಿಗೆ ಸೇರಿಸಿಬಿಟ್ಟೆ.

ಅಕ್ಟೋಬರ್ 7

ತೊಟ್ಟಿ ಪೂರ್ತಿ ಬೆಳ್ಳಗೆ. ಹಾಲು!

ಕುಡಿಯುವಾಗ ನೀರು ಬೆರೆಸಿದ ಲೋಟದಲ್ಲಿ ಬೆಳ್ಳಗಾಗಬೇಕಾದದ್ದು ತೊಟ್ಟಿಯಲ್ಲೇ ಆಗಿದೆ. ನಾವು ಸೋಂಪು ಜಾಸ್ತಿ ಹಾಕುವವರು. ನಲವತ್ತರ ಕೆಳಗಿಳಿದರೆ ನಮ್ಮದು ತಿಳಿಯಾಗಿ ನಿಲ್ಲುವುದಿಲ್ಲ. ಅಳೆದೆ. ಮೂವತ್ತೆಂಟೂವರೆ. ಹೇಗೆ? ಹೇಗೆ??

ಮುಚ್ಚಳ ಮುಚ್ಚಿದೆ. "ಹೇಗಿದೆ?" ಅಂದ ಅಪ್ಪ. "ಚೆನ್ನಾಗೇ ಕೂತ್ಕೋತಿದೆ" ಅಂದೆ. ಥೂ ನನ್ನ ಬಾಯಿಗೆ.

ಅಕ್ಟೋಬರ್ 10

ಮೂರು ದಿನ ಮುಚ್ಚಳ ಎತ್ತಿ ಎತ್ತಿ ನೋಡಿದೆ. ಬೆಳಗ್ಗೆ ಹೋಗಿ ಹೇಳಿಬಿಟ್ಟೆ, ಎಲ್ಲ, ಸುಳ್ಳು ಹೇಳಿದ್ದೂ ಸೇರಿ.

ಅಪ್ಪ ಎದ್ದು ಕುಂಟುತ್ತಾ ಬಂದ. ತೊಟ್ಟಿ ನೋಡಿದ. "ಇಳಿಸಿದ ತಕ್ಷಣ ಅಳೆದ್ಯಾ?"

"ಹೂಂ. ಇನ್ನೂ ಬೆಚ್ಚಗಿತ್ತು."

"ಬೆಚ್ಚಗಿದ್ದಾಗ ಮೀಟರ್ ಬಡಾಯಿ ಕೊಚ್ಚುತ್ತೆ ಕಣೇ. ಇದ್ದದ್ದು ಎಂಬತ್ತು, ಹೇಳಿದ್ದು ಎಂಬತ್ತೇಳು. ನೀನು ನಂಬಿ ನೀರು ಸುರಿದೆ."

ಅತ್ತೆ ನಕ್ಕಳು. "ಬಡಾಯೀಲಿ ನಿಮ್ಮಪ್ಪನ್ನೇ ಹೋಲುತ್ತೆ ಬಿಡು."

"ಹಂಡೆ ಮಾರ್ತೀಯಾ?" ಅಂತ ಕೇಳಿದೆ. "ವಾಪಸ್ ಹಂಡೆಗೆ ಹಾಕು. ಮತ್ತೆ ಇಳಿಸು" ಅಂದ, ಅಷ್ಟೇ.

ಅಕ್ಟೋಬರ್ 13, ಭಾನುವಾರ

ಈ ಸಲ ಮೀಟರ್ ಮುಟ್ಟಲೇ ಇಲ್ಲ, ಪೂರ್ತಿ ತಣ್ಣಗಾಗುವವರೆಗೆ. ಎಂಬತ್ತೊಂದು. ನೀರು ಚೊಂಬು ಚೊಂಬಾಗಿ. ನಲವತ್ತೆರಡು. ತೊಟ್ಟಿ ಕನ್ನಡಿಯಷ್ಟು ತಿಳಿ!

ಊಟಕ್ಕೆ ಉಪ್ಪು ಹಾಕಿದ ಸಾರ್ಡೀನ್ ಮೀನು. ಅಪ್ಪ ಲೋಟಕ್ಕೆ ಬಗ್ಗಿಸಿ, ನೀರು ಬೆರೆಸಿದ. ಬೆಳ್ಳಗಾಯಿತು, ಆಗಬೇಕಾದ ಕಡೆ. ಕುಡಿದ. ಮೀನು ತಿಂದ. ಮತ್ತೆ ಕುಡಿದ.

"ನಾಳೆಗೆ ಸೋಂಪು ನೆನೆಹಾಕು."

"ಅಂದ್ರೆ...?"

"ಸೋಂಪಿನ ಡಬ್ಬ ತೆಗಿ, ಹೋಗು."

ತೆಗೆದೆ. ಸೋಂಪಿನ ಮೇಲೆ ಬೀಗದ ಕೈ! ಡಬ್ಬವನ್ನು ಐದನೇ ತಾರೀಕಿನ ರಾತ್ರಿಯಿಂದ ಮುಟ್ಟಿರಲಿಲ್ಲ.

"ಯಾವಾಗ ಇಟ್ಟೆ? ನೀನು ರುಚಿ ನೋಡಿದ್ದು ಈಗ ತಾನೇ!"

"ಗುರುವಾರ. ನೀನು ಬಂದು ನಿಜ ಹೇಳಿದ್ಯಲ್ಲ, ಅವತ್ತು."

ಅತ್ತೆ ನೋಡಿ ನಗುತ್ತಿದ್ದಾಳೆ, ಬರೆಯುತ್ತಾ ಅಳುತ್ತಿದ್ದೇನಂತೆ. ಇಲ್ಲ, ಅದು ಘಾಟು. ಅಪ್ಪ ಕೂಗುತ್ತಿದ್ದಾನೆ, ಸೌದೆ ಎಷ್ಟು ಬೇಕು ಅಂತ ನನ್ನನ್ನೇ ಕೇಳುತ್ತಿ—