ಹಿಂದಿನ ಕೋಣೆಗೆ ಬಂದ ಕಂಪ್ಯೂಟರ್

ಪುಣೆ, ಫೆಬ್ರವರಿ 1986

ಶಾಲಾ ಕಂಪ್ಯೂಟರ್ ಯೋಜನೆಯ ಮೌಲ್ಯಮಾಪನಾಧಿಕಾರಿಗಳೇ,

ತಮ್ಮ ವರದಿ ತಲುಪಿತು. ಸ್ವಾರಗೇಟಿನಾಚೆಯ ನಮ್ಮ ಕನ್ನಡ ಶಾಲೆಯ ಏಳನೇ ತರಗತಿಗೆ ‘ವಿದ್ಯಾರ್ಥಿಗಳ ಆಸಕ್ತಿ: ಅತ್ಯುತ್ತಮ’ ಎಂದು ಬರೆದಿದ್ದೀರಿ. ದೊಡ್ಡ ಮನಸ್ಸು ತಮ್ಮದು. ಆದರೆ ಆ ತರಗತಿಯಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ, ಚಂದಮ್ಮ, ತಮ್ಮ ಯಂತ್ರ ಬಂದದ್ದರಿಂದಲೇ ಶಾಲೆ ಬಿಟ್ಟಿದ್ದಾಳೆ. ಹನ್ನೆರಡು ಪುಟಗಳ ವರದಿಯಲ್ಲಿ ಅವಳಿಗೆ ಒಂದು ಸಾಲೂ ಇಲ್ಲ. ಇರುವುದಾದರೂ ಹೇಗೆ? ತಮಗೆ ಗೊತ್ತಾಗದಂತೆ ನೋಡಿಕೊಂಡವಳು ಇಲ್ಲಿನ ಮುಖ್ಯ ಶಿಕ್ಷಕಿಯಾದ ನಾನೇ. ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ, ಆದ್ದರಿಂದ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳ ತಾಯ್ತಂದೆಯರು ಯಾದಗಿರಿ, ಸುರಪುರದ ಕಡೆಯಿಂದ ಬಂದು ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವವರು. ತಾಯಿ ಕೆಲಸಕ್ಕೆ ಹೊರಟರೆ ಕೂಸು ಅಕ್ಕನ ಸೊಂಟ ಏರುತ್ತದೆ. ಅಕ್ಕ ಶಾಲೆಗೆ ಬರಬೇಕಾದರೆ ಕೂಸೂ ಬರಬೇಕು. ಅದಕ್ಕೇ ಹಿಂದಿನ ಕೋಣೆಯ ತೊಲೆಗೆ ಹಳೆಯ ಸೀರೆಗಳ ಜೋಲಿ ಕಟ್ಟಿದ್ದೆವು. ಹುಡುಗಿಯರು ಜೋಲಿಯ ಹಗ್ಗವನ್ನು ಬಾಗಿಲ ಸಂದಿನಿಂದ ತರಗತಿಗೆ ಎಳೆದುಕೊಂಡು, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಕಾಲು ಆಡುತ್ತಿತ್ತು, ಕೂಸು ಮಲಗುತ್ತಿತ್ತು, ಭಾಗಾಕಾರವೂ ಮುಗಿಯುತ್ತಿತ್ತು. ಆಧುನಿಕ ಬೋಧನೋಪಕರಣ ಎಂದರೇನೆಂದು ತಾವು ಬಲ್ಲಿರಿ. ಹನ್ನೊಂದು ವರ್ಷದ ನೌಕರಿಯಲ್ಲಿ ನಾನು ಕಂಡ ಅತಿ ಒಳ್ಳೆಯ ಬೋಧನೋಪಕರಣ ಆ ಹಗ್ಗ.

ಶಾಲೆಯಲ್ಲಿ ಕೂಸುಗಳಿರುವುದು ನಿಯಮಬಾಹಿರ. ಹಾಗಾಗಿ ತಪಾಸಣೆಯ ದಿನ ಜೋಲಿಗಳನ್ನು ಬಿಚ್ಚಿ, ಕೂಸುಗಳನ್ನು ಪಕ್ಕದ ಹೋಟೆಲಿನ ಭುಜಂಗಣ್ಣನ ಉಗ್ರಾಣಕ್ಕೆ ಸಾಗಿಸುತ್ತಿದ್ದೆವು. ಅವರು ನಮ್ಮ ಉಡುಪಿಯ ಕಡೆಯವರು, ಅಕ್ಕಿಮೂಟೆಯ ಮೇಲೆ ಚಾದರ ಹಾಸಿ ಮಲಗಿಸುತ್ತಿದ್ದರು. ಪ್ರತಿ ತಪಾಸಣೆಯ ಕಾಗದದಲ್ಲೂ ಹಿಂದಿನ ಕೋಣೆ ‘ಖಾಲಿ’ ಎಂದೇ ದಾಖಲಾಯಿತು. ಎಂಥ ಜಾಣತನ ನಮ್ಮದು! ಕಳೆದ ಜೂನ್‌ನಲ್ಲಿ ತಮ್ಮ ನಮೂನೆ ಬಂತು: ‘ಬಳಕೆಯಲ್ಲಿಲ್ಲದ ಕೋಣೆ ಇದೆಯೇ?’ ಇಲ್ಲ ಎಂದರೆ ಹನ್ನೊಂದು ವರ್ಷದ ಸುಳ್ಳು ಹೊರಬೀಳುತ್ತದೆ. ‘ಇದೆ, ಒಂದು’ ಎಂದು ಬರೆದು ಸಹಿ ಹಾಕಿದೆ.

ಆಗಸ್ಟ್‌ನಲ್ಲಿ ಯಂತ್ರ ಬಂತು. ಕೋಣೆಗೆ ಬೀಗ, ಕಿಟಕಿಗೆ ಪರದೆ, ನೆಲಕ್ಕೆ ಜಮಖಾನ. ಧೂಳು ತರಬಾರದು, ಚಪ್ಪಲಿ ತರಬಾರದು, ಚಿಕ್ಕ ಮಕ್ಕಳನ್ನಂತೂ ಹತ್ತಿರ ಸುಳಿಯಲೂ ಬಿಡಬಾರದು ಎಂದು ಗೋಡೆಗೆ ಫಲಕ. ಮೂವತ್ತು ವರ್ಷದಿಂದ ಸೋರುವ ಸೂರಿನ ಕೆಳಗೆ ಓದುತ್ತಿರುವ ಮಕ್ಕಳಿಗೆ ಇಲ್ಲದ ಕಾಳಜಿ ಆ ಪೆಟ್ಟಿಗೆಗೆ ಸಿಕ್ಕಿತು. ವರಾಂಡದ ತಗಡಿನ ಮಾಡಿಗೆ ಜೋಲಿ ಕಟ್ಟಲು ಬರುವುದಿಲ್ಲ. ಕೂಸು ಹೊತ್ತು ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಚಂದಮ್ಮ ಮಾತ್ರ ತಂಗಿಯನ್ನು ಸೊಂಟದಲ್ಲಿಟ್ಟುಕೊಂಡು ತರಗತಿಯ ಕಿಟಕಿಯ ಹೊರಗೆ ನಿಂತೇ ಕಲಿತಳು. ನಾಲ್ಕು ತಿಂಗಳು ನಿಂತಳು.

ಡಿಸೆಂಬರ್‌ನಲ್ಲಿ ತಾವು ಮೌಲ್ಯಮಾಪನಕ್ಕೆ ಬಂದಿರಿ. ನಲವತ್ತು ಮಕ್ಕಳು ಕೈಕಟ್ಟಿ ಕೂತು ಯಂತ್ರದ ಒಂದು ಪರದೆಯನ್ನು ನೋಡುತ್ತಿದ್ದರು. ವಾರಕ್ಕೆ ಒಬ್ಬೊಬ್ಬರಿಗೆ ಎರಡು ನಿಮಿಷ ಮುಟ್ಟಲು ಸಿಗುವ ವಸ್ತುವನ್ನು ಮತ್ತೆ ಹೇಗೆ ನೋಡಬೇಕು? ತಾವು ಅದನ್ನು ಆಸಕ್ತಿ ಎಂದು ಬರೆದುಕೊಂಡಿರಿ. ಯಂತ್ರ ಹದಿನೇಳನ್ನು ಹದಿನಾಲ್ಕರಿಂದ ಗುಣಿಸಲು ಕೇಳಿತು. ಸರದಿಯ ಹುಡುಗ ಅದನ್ನು ಗಟ್ಟಿಯಾಗಿ ಓದಿ, ಗುಂಡಿ ಹುಡುಕುತ್ತ ಬೆವರುತ್ತಿದ್ದಾಗ ಕಿಟಕಿಯ ಪರದೆಯ ಆಚೆಯಿಂದ ಕೂಗು ಬಂತು: “ಎರಡನೂರಾ ಮೂವತ್ತೆಂಟರೀ!”

ತಾವು ಪರದೆ ಸರಿಸಿ ನೋಡಿ, ನಕ್ಕು ನನ್ನನ್ನು ಮರಾಠಿಯಲ್ಲಿ ಕೇಳಿದಿರಿ: “ಕೋಣ ಆಹೆ ತೀ?”

ಯಾರವಳು? ನನ್ನ ವಿದ್ಯಾರ್ಥಿನಿ ಎಂದರೆ ಸೊಂಟದ ಕೂಸು ಯಾಕೆ ಎಂದು ಕೇಳುತ್ತೀರಿ. ಆಮೇಲೆ ಎಲ್ಲವೂ ಬಯಲಾಗುತ್ತದೆ. “ಬಾಹೇರ್ಚಿ ಮುಲ್ಗೀ ಆಹೆ, ಸಾಹೇಬ್,” ಅಂದೆ. ಹೊರಗಿನ ಹುಡುಗಿ. ಬೀದಿಯಲ್ಲೆಲ್ಲ ಮರಾಠಿ ಆಡಿ ಬೆಳೆದವಳಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮರುದಿನದಿಂದ ಅವಳು ಬರಲಿಲ್ಲ.

ನಾಲ್ಕು ದಿನ ಬಿಟ್ಟು ಅವಳ ತಾಯಿ ಹುಲಿಗೆವ್ವ ಕೆಲಸ ಮಾಡುವ ಕಟ್ಟಡಕ್ಕೆ ಹೋದೆ. ಶಾಲೆಯಿಂದ ಎರಡು ಫರ್ಲಾಂಗು. ಹುಲಿಗೆವ್ವ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಹೊರಗಿನಾಕಿ ಅಂದ್ರಂತಲ್ರಿ, ಅಕ್ಕಾರ? ನೀವು ಸುಳ್ಳ ಹೇಳಾವ್ರಲ್ಲಂತ ಅಕಿಗೆ ಭಾಳ ನಂಬಿಗಿರಿ. ಅದಕ್ಕ ಅದೂ ಖರೇನ ಅಂತ ತಿಳಕೊಂಡಾಳ.”

ಚಂದಮ್ಮ ತಲೆಯ ಮೇಲೆ ಆರು ಇಟ್ಟಿಗೆ ಹೊತ್ತು ನಿಂತಿದ್ದಳು. “ತಪ್ಪು ನನ್ನದು ಚಂದವ್ವಾ, ನಾಳೆ ಬಾ,” ಎಂದು ಬೇಡಿಕೊಂಡೆ. ಅವಳಿಗೆ ಸಿಟ್ಟೂ ಇದ್ದಂತಿರಲಿಲ್ಲ. “ಬರ್ತೀನ್ರಿ. ತಂಗೀನ ಎಲ್ಲಿ ಮಲಗಸ್ಲಿರಿ?” ಅಂದಳು. ತಿರುಗಿ ಬಂದೆ. ನಾಚಿಕೆಯಿಂದ ಇವತ್ತಿಗೂ ಆ ದಾರಿ ಹಿಡಿಯುವುದಿಲ್ಲ.

ಯಂತ್ರವನ್ನು ನನ್ನ ಕೊಠಡಿಗೆ ಸಾಗಿಸಿ, ನನ್ನ ಮೇಜು ವರಾಂಡದಲ್ಲಿರಲಿ, ಹಿಂದಿನ ಕೋಣೆಯ ಬೀಗ ತೆಗೆಸಿ. ಇದಿಷ್ಟಕ್ಕೂ ತಮ್ಮ ಲಿಖಿತ ಅನುಮತಿ ಬೇಕಂತೆ. ಅದು ಬರುತ್ತದೆ ಎಂಬ ಭ್ರಮೆ ನನಗಿಲ್ಲ. ಬಂದರೂ ಅಷ್ಟರಲ್ಲಿ ಆ ಕಟ್ಟಡ ಮುಗಿದು, ಹುಲಿಗೆವ್ವನ ಸಂಸಾರ ಬೇರೆಲ್ಲಿಗೋ ಹೋಗಿರುತ್ತದೆ.

ಆದರೆ ಒಂದು ಕೆಲಸ ತಾವು ಮಾಡಲೇಬೇಕು. ಬಹಳ ದಿನ ಬಾರದ ಮಕ್ಕಳ ಹೆಸರನ್ನು ಈ ತಿಂಗಳ ಕೊನೆಗೆ ಹಾಜರಿ ಪುಸ್ತಕದಿಂದ ಹೊಡೆದುಹಾಕಬೇಕು. ‘ಕಾರಣ’ದ ಅಂಕಣದಲ್ಲಿ ‘ಊರಿಗೆ ಹೋಗಿದ್ದಾಳೆ’ ಎಂದು ಬರೆಯುವುದು ನಮ್ಮ ರೂಢಿ. ಯಾರೂ ಕೇಳುವುದಿಲ್ಲ. ಚಂದಮ್ಮ ಎಲ್ಲಿಗೂ ಹೋಗಿಲ್ಲ, ನಾನು ಹಾಗೆ ಬರೆಯುವುದೂ ಇಲ್ಲ. ಇಪ್ಪತ್ತೆಂಟರೊಳಗೆ ತಾವೇ ಬಂದು, ನಿಜವಾದ ಕಾರಣವನ್ನು ತಮ್ಮ ಕೈಯಿಂದ ಬರೆದು, ಅವಳ ಹೆಸರು ಹೊಡೆಯಿರಿ. ಕೆಳಗೆ ಸಹಿ ಮಾಡಿ. ಪಕ್ಕದಲ್ಲಿ ನಾನೂ ಮಾಡುತ್ತೇನೆ.

ಇಂತಿ,
ಶಿಕ್ಷಕಿ ಎಂದು ಬರೆದುಕೊಳ್ಳಲು ಈಗ ಕೈ ತಡೆಯುವ
ಉಮಾವತಿ