ಊಟಕ್ಕೆ ಮುಂಚೆ ಮೂರು ಥ್ಯಾಂಕ್ಸ್

ಜೂನ್ 3, ಮಂಗಳವಾರ

ಇವತ್ತೂ ಲ್ಯಾಬಿನಲ್ಲಿ ಒಂಬತ್ತು ಸೆಟ್ ಕಟ್ಟುಹಲ್ಲು. ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಹಾಗೇ ಕೂತಿದೆ. ಮನೆ ಸೇರಿದಾಗ ಆರೂವರೆ. ಮಹಡಿಯಲ್ಲಿ ಇವರ ಅಣ್ಣನ ಮನೆ. ಶಾಲೆ ಬಿಟ್ಟ ಮೇಲೆ ಮಗಳು ಗುಬ್ಬಿ ಅಲ್ಲೇ, ಓರಗಿತ್ತಿಯ ಹತ್ತಿರ. ಕರೆದರೆ ಬರಲು ಒಲ್ಲೆ ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ವಯಸ್ಸು ಏಳು, ಹಟ ಎಪ್ಪತ್ತರದ್ದು.

ಊಟಕ್ಕೆ ಮುಂಚೆ ದೇವರಿಗೆ ಮೂರು ಥ್ಯಾಂಕ್ಸ್ — ಹೋದ ವಾರ ನಾನೇ ಮಾಡಿದ ನಿಯಮ. ಗೆಳತಿಯ ಸೈಕಲ್ ನೋಡಿ ಬಂದು, ನಮ್ಮನೇಲಿ ಏನೂ ಇಲ್ಲ ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದಳಲ್ಲ, ಅದಕ್ಕೆ.

ಇವತ್ತಿನ ಮೂರು: ದೊಡ್ಡಮ್ಮ ಜಡೆ ಹಾಕಿದ್ದಕ್ಕೆ. ದೊಡ್ಡಮ್ಮ ಗೊಂಬೆಗೆ ಸ್ವೆಟರ್ ಹೆಣೆದಿದ್ದಕ್ಕೆ. ದೊಡ್ಡಮ್ಮನ ಮನೆ ಮೇಲೇ ಇರುವುದಕ್ಕೆ.

ಇವರು ನಕ್ಕರು. ನಾನು ಬೆರಳು ಮಡಚಿ ಎಣಿಸಿದೆ.

ಜೂನ್ 5, ಗುರುವಾರ

ಹತ್ತು ದಿನ, ಮೂವತ್ತು ಥ್ಯಾಂಕ್ಸ್. ದೊಡ್ಡಮ್ಮ ಹದಿನೇಳು. ಎದುರುಮನೆ ನಾಯಿಮರಿ ನಾಲ್ಕು. ಅಪ್ಪ ಮೂರು. ಅಮ್ಮ ಒಂದು — ಅದೂ ಜ್ವರ ಬಂದಾಗ ರಜೆ ಹಾಕಿದ್ದಕ್ಕೆ. ಮಿಕ್ಕಿದ್ದು ಮಳೆ, ಶಾಲೆಗೆ ರಜೆ ಇತ್ಯಾದಿ. ನಾಯಿಮರಿಗಿಂತ ಕಡೆಯಾದೆ.

ದೇವರು ಲೆಕ್ಕ ಇಟ್ಟಿದ್ದಾನೋ ಇಲ್ಲವೋ, ನಾನಂತೂ ಇಟ್ಟಿದ್ದೇನೆ.

ಮಗಳ ತಲೆ ಮೂಸಿದರೆ ಓರಗಿತ್ತಿಯ ಮನೆ ಸೋಪಿನ ವಾಸನೆ.

ಜೂನ್ 9, ಸೋಮವಾರ

ಪಾಠ ಬದಲಿಸಿದೆ.

"ಬರೀ ಸಿಕ್ಕಿದ್ದಕ್ಕಲ್ಲ ಪುಟ್ಟಾ. ಬೇರೆಯವರಿಗೆ ಇಲ್ಲದ್ದು ನಮಗೇನಿದೆ ಅಂತ ನೋಡ್ಬೇಕು. ಅದಕ್ಕೆ ಥ್ಯಾಂಕ್ಸ್ ಹೇಳ್ಬೇಕು."

"ಯಾರಿಗೆ ಏನಿಲ್ಲ?"

ಬಾಯಿಗೆ ಬಂದಿದ್ದು ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮಾತು ತಯಾರಾಗಿಯೇ ಇತ್ತು.

"ಈಗ ದೊಡ್ಡಮ್ಮನ್ನೇ ನೋಡು. ಅವರಿಗೆ ಮಕ್ಕಳಿಲ್ಲ. ಅಮ್ಮಾ ಅಂತ ಕರೆಯೋರೇ ಇಲ್ಲ. ನಿಂಗೆ ಅಮ್ಮ ಇದಾಳೆ."

ಗುಬ್ಬಿ ಕೈ ಮುಗಿದುಕೊಂಡೇ ಪದ್ಯ ಒಪ್ಪಿಸುವ ಹಾಗೆ ಅಷ್ಟನ್ನೂ ಹೇಳಿದಳು. ಇವರು ಅನ್ನ ಬಡಿಸಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನೀರು ತರಲು ಎದ್ದೆ.

ಹೊಟ್ಟೆ ತಣ್ಣಗಾಯಿತು. ನಿಜ ಬರೆಯುತ್ತಿದ್ದೇನೆ.

ಜೂನ್ 11, ಬುಧವಾರ

ಗುಬ್ಬಿ ಅದನ್ನು ಮಹಡಿಯಲ್ಲೂ ಹೇಳಿಬಿಟ್ಟಿದ್ದಾಳೆ. ಸಂಜೆ ತಿಂಡಿಗೆ ಮುಂಚೆ, ಅವರ ಎದುರೇ, ಜೋರಾಗಿ — ದೇವರೇ, ದೊಡ್ಡಮ್ಮಂಗೆ ಮಕ್ಕಳಿಲ್ಲ, ನಂಗೆ ಅಮ್ಮ ಇದಾಳೆ, ಥ್ಯಾಂಕ್ಸ್.

"ದೊಡ್ಡಮ್ಮ ಏನಂದ್ರು?"

"ಹೌದು ಕಂದಾ ಅಂದ್ರು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ರು. ತುಂಬಾ ಹೊತ್ತು ಬಿಟ್ಟಿದ್ರು. ಬಂದಾಗ ಕಣ್ಣು ಕೆಂಪಗಿತ್ತು."

ಮೂರನೇ ಸಲವೂ ಅವರು ಆಸ್ಪತ್ರೆಯಿಂದ ಬರಿಗೈಲಿ ಬಂದಾಗ ಕಾರಿನಲ್ಲಿ ಪಕ್ಕ ಕೂತಿದ್ದವಳು ನಾನೇ. ಆಗ ನನಗೆ ಐದು ತಿಂಗಳು. ದಾರಿಯುದ್ದಕ್ಕೂ ಬ್ಯಾಗ್ ಅಡ್ಡ ಇಟ್ಟು ಹೊಟ್ಟೆ ಮುಚ್ಚಿಕೊಂಡಿದ್ದೆ...

ಜೂನ್ 12, ಗುರುವಾರ

ಬೆಳಿಗ್ಗೆ ಓರಗಿತ್ತಿ ಕೆಳಗೆ ಬಂದರು. ಬಾಗಿಲಲ್ಲೇ ನಿಂತರು.

"ಸೋಮವಾರದಿಂದ ಮಗೂನ ನೋಡ್ಕೊಳ್ಳೋಕೆ ಆಗಲ್ಲ. ಮಂಡಿ ನೋವು."

ನಿನ್ನೆಯವರೆಗೂ ಇಲ್ಲದ ಮಂಡಿ ನೋವು. "ಸರಿ ಅಕ್ಕ" ಅಂದೆ. ಗೆದ್ದೆನಲ್ಲ.

ಜೂನ್ 20, ಶುಕ್ರವಾರ

ಎಂಟು ದಿನ ಬರೆದಿಲ್ಲ.

ಗುಬ್ಬಿ ಈಗ ಶಾಲೆ ಪಕ್ಕದ ಡೇ ಕೇರ್‌ನಲ್ಲಿ. ನಾನು ಹೋಗುವ ಹೊತ್ತಿಗೆ ಉಳಿದವರೆಲ್ಲ ಹೊರಟಿರುತ್ತಾರೆ. ಇವಳೊಬ್ಬಳೇ ಶೂ ಹಾಕಿಕೊಂಡು, ಜಡೆ ಬಿಚ್ಚಿಕೊಂಡು, ಗೇಟಿನ ಹತ್ತಿರ ಕೂತಿರುತ್ತಾಳೆ. ಈಗ ಪೂರ್ತಿ ನನ್ನವಳು. ಕೇಳಿದ್ದಕ್ಕಷ್ಟೇ ಉತ್ತರ.

ಥ್ಯಾಂಕ್ಸ್ ನಿಂತಿದೆ. ಇವತ್ತು ಒತ್ತಾಯ ಮಾಡಿದೆ.

"ನಾನು ಹೇಳಲ್ಲ."

"ದೇವರು ನಮಗೆ ಇಷ್ಟೆಲ್ಲ ಕೊಟ್ಟಿಲ್ವಾ?"

"ನಾನು ಥ್ಯಾಂಕ್ಸ್ ಹೇಳಿದ್ದಕ್ಕೇ ದೊಡ್ಡಮ್ಮ ಅತ್ತಿದ್ದು. ಮತ್ತೆ ಹೇಳಿದ್ರೆ ಇನ್ಯಾರೋ ಅಳ್ತಾರೆ."

ತಟ್ಟೆ ಸರಿಸಿ ಎದ್ದು ಹೋದಳು.

"ದೇವರ ಹತ್ರ ಮಾತಾಡೋಕೂ ಹೆದರೋ ಹಾಗೆ ಮಾಡಿಟ್ಟೆ" ಅಂದರು ಇವರು. ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಜೂನ್ 22, ಭಾನುವಾರ, ಬೆಳಿಗ್ಗೆ 11

ಮೇಲೆ ಹೋಗಿದ್ದೆ. ಓರಗಿತ್ತಿ ಸ್ಟೂಲ್ ಹತ್ತಿ ಕಿಟಕಿ ಗಾಜು ಒರೆಸುತ್ತಿದ್ದರು. ಮಂಡಿ ನೋವಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಅಕ್ಕ, ಅದು ಮಗು ಮಾತಲ್ಲ. ನಾನು ಹೇಳಿಕೊಟ್ಟಿದ್ದು."

"ಗೊತ್ತು. ಏಳು ವರ್ಷದ ಮಗುಗೆ ಅಂಥ ಮಾತು ಎಲ್ಲಿಂದ ಬರತ್ತೆ?"

"ಹೊಟ್ಟೆಕಿಚ್ಚು ಅಕ್ಕ. ಅವಳ ಬಾಯಲ್ಲಿ ಬರೀ ನಿಮ್ಮ ಹೆಸರು."

ಇಳಿದರು. ಸ್ಟೂಲ್ ಮೇಲೇ ಕೂತು ಒದ್ದೆ ಬಟ್ಟೆ ಹಿಂಡಿದರು. ನೀರು ಮುಗಿದರೂ ಹಿಂಡುತ್ತಲೇ ಇದ್ದರು.

"ನಾನೇನು ಕಮ್ಮಿ? ದೇವರ ಹತ್ರ ದಿನಾ ಏನು ಕೇಳ್ತಿದ್ದೆ ಗೊತ್ತಾ? ನಿನ್ನ ಲ್ಯಾಬಿಗೆ ಕೆಲಸ ಜಾಸ್ತಿ ಬರ್ಲಿ ಅಂತ. ನೀನು ಏಳು ಗಂಟೆಗೆ ಬಂದ ದಿನ ಥ್ಯಾಂಕ್ಸ್ ಹೇಳ್ತಿದ್ದೆ. ಊರೋರ ಹಲ್ಲೆಲ್ಲ ಉದುರಿದ್ರೂ ಪರವಾಗಿಲ್ಲ, ಇನ್ನೊಂದು ಗಂಟೆ ಮಗು ನನ್ನ ಹತ್ರ ಇರ್ಲಿ ಅಂತ."

ನಗು ಬಂತು. ಅವರಿಗೂ. ನಗುತ್ತಲೇ ಅತ್ತರು. ಕ್ಷಮಿಸಿದೆ ಅನ್ನಲಿಲ್ಲ. ಹೊರಡುವಾಗ, "ನಾಳೆಯಿಂದ ಕಳಿಸು" ಅಂದರು.

ಅದೇ ದಿನ, ಮಧ್ಯಾಹ್ನ

ಗುಬ್ಬಿಗೆ ಹೇಳಿದೆ. ದೊಡ್ಡಮ್ಮ ಅತ್ತಿದ್ದು ನಿನ್ನಿಂದಲ್ಲ, ಅಮ್ಮ ತಪ್ಪು ಹೇಳಿಕೊಟ್ಟೆ. ಬೇರೆಯವರಿಗೆ ಇಲ್ಲ ಅಂತ ಥ್ಯಾಂಕ್ಸ್ ಹೇಳಬಾರದು.

"ಮತ್ತೆ ಹೇಗೆ ಹೇಳ್ಬೇಕು?"

"ಮೊದಲು ಹೇಳ್ತಿದ್ಯಲ್ಲ, ಹಾಗೇ."

"ಆಗ ಸರಿ ಇತ್ತಾ?"

"ಸರಿ ಇತ್ತು." ಹೇಳಲು ಕಷ್ಟವಾಯಿತು.

ಜೂನ್ 23, ಸೋಮವಾರ, ಸಂಜೆ 6.10

ಲ್ಯಾಬಿನಿಂದ ಬೇಗ ಬಂದೆ. ಗುಬ್ಬಿ ಮೇಲಿದ್ದಾಳೆ. ಆರಕ್ಕೇ ಕರೆಯಬೇಕಿತ್ತು. ಇಷ್ಟು ಹೊತ್ತೂ ನಗು ಕೇಳುತ್ತಿತ್ತು. ಈಗ ಸದ್ದಿಲ್ಲ — ತಿಂಡಿ ಮುಂದಿಟ್ಟುಕೊಂಡು ಕೈ ಮುಗಿದಿರಬೇಕು. ಯಾರ ಹೆಸರು ಬರುತ್ತದೆಂದು ಗೊತ್ತು. ಉರಿ ಆರಿಲ್ಲ.

ಮೆಟ್ಟಿಲವರೆಗೆ ಹೋಗಿ ಕರೆಯಲು ಬಾಯಿ ತೆರೆದೆ. ಹಾಗೇ ವಾಪಸ್ ಬಂದು ಕೂತಿದ್ದೇನೆ. ಇನ್ನು ಹತ್ತು ನಿಮಿಷ ಇರಲಿ. ಹತ್ತೇ. ಆಮೇಲೆ ಕರೆಯುತ್ತೇನೆ.