ಅತ್ತಿಗೆಗೆ ಕೊಟ್ಟ ಲೈಸೆನ್ಸ್

ಮಾರ್ಚ್ ೧೧, ಮಂಗಳವಾರ

ಎಂ.ಎ. ಮುಗಿದಾಗ ಕಾದಂಬರಿ ಬರೆಯಲೆಂದು ಅಣ್ಣ ಕೊಡಿಸಿದ್ದ ಸಾಫ್ಟ್‌ವೇರಿನ ಲೈಸೆನ್ಸನ್ನು ಇವತ್ತು ಅತ್ತಿಗೆಗೆ ಕೊಟ್ಟುಬಿಟ್ಟೆ. ಅವರ ಪ್ರಬಂಧಕ್ಕೆ ಬೇಕಿತ್ತಂತೆ. ಎರಡು ವರ್ಷದಿಂದ ನಾನದನ್ನು ಮುಟ್ಟಿಯೂ ಇರಲಿಲ್ಲ. ಆದರೆ ಅಣ್ಣ ಫೋನಿನಲ್ಲಿ "ಎಲ್ಲಿಗೆ ಬಂತೇ ಕಾದಂಬರಿ?" ಎಂದಾಗಲೆಲ್ಲ ಬಾಯಲ್ಲೇ ಒಂದೊಂದು ಅಧ್ಯಾಯ ಮುಗಿಸುತ್ತಿದ್ದೆ. ಈಗ ಒಂಬತ್ತನೆಯದು ನಡೆಯುತ್ತಿದೆ.

ಲೈಸೆನ್ಸ್ ಕೋಡ್ ಕಳಿಸುವಾಗ ಈ ಸುಳ್ಳು ಹೊರಬೀಳಬಹುದೆಂದು ಹೊಳೆಯಲೇ ಇಲ್ಲ. ರಾತ್ರಿ ಅತ್ತಿಗೆಯ ಫೋನ್ ಬಂತು.

"ಇದೇನೇ, ಮೊದಲ ಬಳಕೆ ಇವತ್ತು ಅಂತ ತೋರಿಸ್ತಿದೆ! ನೀನು ಒಂದ್ಸಲಾನೂ ತೆರೆದೇ ಇಲ್ವಾ?"

ಪಕ್ಕದಲ್ಲಿ ಅಣ್ಣ ಕೆಮ್ಮಿದ್ದು ಕೇಳಿಸಿತು.

"ನಾನು ಕೈಯಲ್ಲೇ ಬರೆಯೋದು ಅತ್ತಿಗೆ" ಎಂದೆ.

ಅಣ್ಣ ಫೋನ್ ತೆಗೆದುಕೊಂಡ. "ಊಟ ಆಯ್ತಾ?"

"ಆಯ್ತು."

"ಸರಿ, ಮಲಕ್ಕೋ."

ಕಾದಂಬರಿಯ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ.